ದೊರೆಗಳ ನಕ್ಷೆ ಬೇರೆ, ಜನರ ನಕ್ಷೆ ಬೇರೆ

ನಮಸ್ಕಾರ. ಇಂದು ಬೇರೆಯೇ ವಿಷಯಕ್ಕೆ ಸಿದ್ಧನಾಗಿದ್ದೆ. ಅದನ್ನು ಬದಿಗಿಟ್ಟಿದ್ದೇನೆ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದ ಸಾಲು ತಲೆಯಿಂದ ಹೋಗುತ್ತಿಲ್ಲ. ಸುಲ್ತಾನರು ಎಲ್ಲೆಲ್ಲಿ ಆಳಿದರೋ ಅಲ್ಲೆಲ್ಲ ಮುಸ್ಲಿಮರು ಹೆಚ್ಚಿದ್ದಾರಂತೆ, ಉಳಿದ ಕಡೆ ಕಡಿಮೆಯಂತೆ. ಇದಕ್ಕೆ ಪುರಾವೆ ಬೇರೆ ಬೇಕೇ ಎಂದು ಅವರೇ ಕೇಳಿದ್ದಾರೆ. ಬೇಕು ಸ್ವಾಮಿ, ಖಂಡಿತ ಬೇಕು. ಜನಗಣತಿಯ ಪಟ್ಟಿ ಯಾರು ಬೇಕಾದರೂ ತೆರೆದು ನೋಡಬಹುದಾದ ಸರ್ಕಾರಿ ದಾಖಲೆ. ಅದನ್ನು ಒಮ್ಮೆಯೂ ನೋಡದೆ ಇಷ್ಟು ಗಟ್ಟಿಯಾಗಿ ಮಾತನಾಡುವುದು ನನಗೆ ಸಹಿಸಲಾಗದ ವಿಷಯ.

ನಮ್ಮ ಮನೆಯಂಗಳದಿಂದಲೇ ಹೊರಡೋಣ. ಹೈದರಲಿ, ಟಿಪ್ಪು ಆಳಿದ ಶ್ರೀರಂಗಪಟ್ಟಣ ಈಗ ಯಾವ ಜಿಲ್ಲೆಯಲ್ಲಿದೆ? ಮಂಡ್ಯದಲ್ಲಿ. 2011ರ ಗಣತಿಯಲ್ಲಿ ಆ ಜಿಲ್ಲೆಯ ಮುಸ್ಲಿಮರ ಪ್ರಮಾಣ ಶೇ 4ರ ಆಸುಪಾಸು. ಇಡೀ ಕರ್ನಾಟಕದ ಪ್ರಮಾಣ ಸುಮಾರು ಶೇ 13. ಅಂದರೆ ರಾಜಧಾನಿಯೇ ಇದ್ದ ಜಿಲ್ಲೆ ರಾಜ್ಯದ ಪಟ್ಟಿಯಲ್ಲಿ ತಳದಲ್ಲಿದೆ. ತುದಿಯಲ್ಲಿರುವುದು ದಕ್ಷಿಣ ಕನ್ನಡ, ಸುಮಾರು ಶೇ 24. ಅಲ್ಲಿ ಯಾವ ಸುಲ್ತಾನನ ಸಿಂಹಾಸನವಿತ್ತು? ಅಳುಪರು ಆಳಿದರು, ವಿಜಯನಗರದವರು ಆಳಿದರು, ಕೆಳದಿಯ ನಾಯಕರು ಆಳಿದರು. ಮೊರಾಕೊದ ಪ್ರವಾಸಿ ಇಬ್ನ್ ಬತೂತ 1340ರ ದಶಕದ ಆರಂಭದಲ್ಲಿ ಮಂಗಳೂರಿಗೆ ಬಂದಾಗ ಅಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆ ಎಂದು ಬರೆದಿಟ್ಟಿದ್ದಾನೆ. ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಸುಲ್ತಾನ ಹುಟ್ಟುವ ಮೊದಲೇ ಸಮುದಾಯ ಅಲ್ಲಿತ್ತು. ಅದನ್ನು ತಂದದ್ದು ಕಡಲು, ಮೆಣಸು, ಮಳೆಗಾಲದ ಗಾಳಿ. ಇಂದಿಗೂ ಆ ಕರಾವಳಿಯ ಬ್ಯಾರಿಗಳಿಗೆ ಅವರದೇ ಭಾಷೆ ಇದೆ, ಭಟ್ಕಳದ ನವಾಯತರಿಗೆ ಅವರದೇ ಮಾತು ಇದೆ. ಈ ಎರಡೂ ದೆಹಲಿ ದರ್ಬಾರಿನ ಭಾಷೆಯಿಂದ ಹುಟ್ಟಿದವಲ್ಲ.

‘ಹಾಗಾದರೆ ಕಲಬುರಗಿ, ಬೀದರ್?’ ಎಂಬ ಪ್ರಶ್ನೆ ಬರುತ್ತದೆಂದು ಗೊತ್ತು. ಎರಡೂ ರಾಜಧಾನಿಗಳಾಗಿದ್ದವು, ಎರಡರಲ್ಲೂ ಪ್ರಮಾಣ ಸುಮಾರು ಶೇ 20. ಶತಮಾನಗಟ್ಟಲೆ ಆಳಿದ ಮೇಲೂ ಐವರಲ್ಲಿ ಒಬ್ಬರು! ಅತ್ತ ಎಂದೂ ಸುಲ್ತಾನರ ರಾಜಧಾನಿಯಾಗದ ಧಾರವಾಡ ಜಿಲ್ಲೆ ಅದಕ್ಕಿಂತ ತುಸು ಮೇಲಿದೆ. ಇನ್ನೇನು ಹೇಳಬೇಕು?

ದೊರೆಗಳ ನಕ್ಷೆ ಬೇರೆ, ಜನರ ನಕ್ಷೆ ಬೇರೆ. ಇದು ಇಂದಿನ ಮಾತು.

ಈಗ ಉತ್ತರಕ್ಕೆ ಹೋಗೋಣ. 2011ರಲ್ಲಿ ದೇಶದ ಮುಸ್ಲಿಮರ ಸಂಖ್ಯೆ 17.22 ಕೋಟಿ, ಪ್ರಮಾಣ ಶೇ 14.2. ಹದಿಮೂರನೆಯ ಶತಮಾನದಿಂದ ಸುಲ್ತಾನರು, ಆಮೇಲೆ ಮೊಘಲರು ಕುಳಿತ ದೆಹಲಿಯಲ್ಲಿ ಎಷ್ಟು? ಶೇ 12.86. ದೇಶದ ಸರಾಸರಿಗಿಂತ ಕೆಳಗೆ. ಅಕ್ಬರನ ಆಗ್ರಾ ಜಿಲ್ಲೆಯಲ್ಲಿ ಶೇ 9ರ ಆಸುಪಾಸು. ದೆಹಲಿಯಿಂದ 1947ರಲ್ಲಿ ಬಹಳ ಜನ ಹೊರಟುಹೋದರು, ನಿಜ. ಆಗ್ರಾಕ್ಕೆ ಏನು ಹೇಳುತ್ತೀರಿ? ಕತ್ತಿಯೇ ಎಲ್ಲವನ್ನೂ ಮಾಡಿದ್ದರೆ ಕತ್ತಿ ಹಿಡಿದವರ ಅಂಗಳದಲ್ಲೇ ಸಂಖ್ಯೆ ಎಲ್ಲಕ್ಕಿಂತ ಹೆಚ್ಚಿರಬೇಕಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಬಂಗಾಳದ ಕಥೆ ನನಗೆ ಬಹಳ ಇಷ್ಟ. 1872ರಲ್ಲಿ ಬ್ರಿಟಿಷರು ಬಂಗಾಳದಲ್ಲಿ ಮೊದಲ ಜನಗಣತಿ ಮಾಡಿದಾಗ ಅಧಿಕಾರಿಗಳೇ ಬೆರಗಾದರು. ಮುಸ್ಲಿಮರು ಹೆಚ್ಚಿದ್ದದ್ದು ಹಳೆಯ ರಾಜಧಾನಿಗಳಲ್ಲಲ್ಲ, ಪೂರ್ವದ ಕೆಸರುಗದ್ದೆಗಳ ಹಳ್ಳಿಗಳಲ್ಲಿ. ಇತಿಹಾಸಕಾರ ರಿಚರ್ಡ್ ಈಟನ್ ಇದರ ಕಾರಣವನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ಗಂಗೆಯ ಮುಖ್ಯ ಹರಿವು ಪೂರ್ವಕ್ಕೆ ಸರಿಯಿತು. ಅಲ್ಲಿ ದಟ್ಟ ಕಾಡು, ಫಲವತ್ತಾದ ಮೆಕ್ಕಲು ಮಣ್ಣು. ಕಾಡು ಕಡಿದು ಭತ್ತ ಬೆಳೆಯಲು ಒಪ್ಪಿದವರಿಗೆ ಮೊಘಲ್ ಅಧಿಕಾರಿಗಳು ಕಂದಾಯವಿಲ್ಲದ ಭೂಮಿ ಕೊಟ್ಟರು. ಭೂಮಿ ಪಡೆದವನು ಅನೇಕ ಕಡೆ ಒಬ್ಬ ಪೀರ್, ಅಂದರೆ ಮುಸ್ಲಿಂ ಸಂತ. ಅವನು ಕಾಡಿನಂಚಿನಲ್ಲಿ ಹುಲ್ಲು, ಬಿದಿರಿನಲ್ಲಿ ಸಣ್ಣದೊಂದು ಮಸೀದಿ ಕಟ್ಟಿದ, ಅದರ ಸುತ್ತ ಕೂಲಿಗಳು ಗುಡಿಸಲು ಹಾಕಿದರು, ಮರ ಬಿದ್ದ ಜಾಗದಲ್ಲಿ ನಾಟಿ ಶುರುವಾಯಿತು. ನೇಗಿಲೂ ನಮಾಜೂ ಆ ಮಣ್ಣಿಗೆ ಜೊತೆಯಾಗಿ ಬಂದವು. ತಲೆಮಾರುಗಳು ಕಳೆದಂತೆ ಆ ರೈತರು ತಮಗೇ ತಿಳಿಯದಷ್ಟು ನಿಧಾನವಾಗಿ ಮುಸ್ಲಿಮರಾದರು. ಅಲ್ಲಿ ಕೆಲಸ ಮಾಡಿದ್ದು ಕೊಡಲಿ ಮತ್ತು ಭತ್ತದ ಪೈರು. ‘ಭೂಮಿ ಕೊಟ್ಟದ್ದು ಮೊಘಲರೇ ತಾನೇ’ ಎಂದು ಯಾರಾದರೂ ವಾದಿಸಿದರೆ ನಾನು ಕೇಳುವುದಿಷ್ಟೇ: ಅವರಿಗೆ ಬೇಕಿದ್ದದ್ದು ಮತಾಂತರವಾಗಿದ್ದರೆ ಆಗ್ರಾದಲ್ಲೇ ಏಕೆ ಶುರುಮಾಡಲಿಲ್ಲ? ಅವರಿಗೆ ಬೇಕಿದ್ದದ್ದು ಕೃಷಿ ಭೂಮಿ, ನಾಳಿನ ಕಂದಾಯ.

ಈಗ ಅಸ್ಸಾಂ. 1671ರ ಸರಾಯ್‌ಘಾಟ್ ಯುದ್ಧ ಕೇಳಿದ್ದೀರಿ. ಅಸ್ಸಾಂ ಆಳುತ್ತಿದ್ದ ಅಹೋಮರ ಸೇನಾಪತಿ ಲಾಚಿತ್ ಬೋರ್ಫುಕನ್ ಬ್ರಹ್ಮಪುತ್ರ ನದಿಯ ಮೇಲೆ ಮೊಘಲರನ್ನು ಸೋಲಿಸಿದ. ಅಹೋಮರ ರಾಜ್ಯ ಕೊನೆಗೂ ಮೊಘಲರ ಕೈಗೆ ದಕ್ಕಲಿಲ್ಲ. ಅಸ್ಸಾಂನ ಪ್ರಮಾಣ ಶೇ 34.22. 2011ರಲ್ಲಿ ಜಮ್ಮು ಮತ್ತು ಕಾಶ್ಮೀರದ ನಂತರ ರಾಜ್ಯಗಳಲ್ಲಿ ಅತಿ ಹೆಚ್ಚು! ಪಶ್ಚಿಮದ ಧುಬ್ರಿ ಜಿಲ್ಲೆಯಲ್ಲಂತೂ ಸುಮಾರು ಶೇ 80. ಆ ಅಂಚು ಮೊಘಲರ ಕೈಯಲ್ಲಿತ್ತು ಎಂದು ನನ್ನನ್ನು ತಿದ್ದಲು ಬರಬೇಡಿ, ಗೊತ್ತು. ಆದರೆ ಬ್ರಹ್ಮಪುತ್ರದ ಮರಳು ದಿಬ್ಬಗಳನ್ನು ಉತ್ತು ಸೆಣಬು ಬೆಳೆದ ರೈತರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಬ್ರಿಟಿಷರ ಕಾಲದಲ್ಲಿ, ಪೂರ್ವ ಬಂಗಾಳದ ಮೈಮನ್‌ಸಿಂಗ್ ಕಡೆಯಿಂದ. ಅವರನ್ನು ಕರೆತಂದ ಸುಲ್ತಾನ ಯಾರು, ಹೆಸರು ಹೇಳಿ.

ದೊರೆಗಳ ನಕ್ಷೆ ಬೇರೆ, ಜನರ ನಕ್ಷೆ ಬೇರೆ. ಮತ್ತೆ ಹೇಳುತ್ತಿದ್ದೇನೆ, ಇನ್ನೂ ಹೇಳುತ್ತೇನೆ.

ಅಂದಹಾಗೆ, ಇಂಥ ಅಂಕಿಅಂಶಗಳನ್ನು ಕಲೆಹಾಕಿ ನಿಮ್ಮ ಮುಂದಿಡಲು ಹಲವು ರಾತ್ರಿಗಳ ಓದು ಬೇಕು. ಈ ವಾಹಿನಿಗೆ ಇನ್ನೂ ಚಂದಾದಾರರಾಗಿಲ್ಲದಿದ್ದರೆ ಈಗಲೇ ಆಗಿ. ಆ ಅಭಿಪ್ರಾಯ ಬರೆದವರೂ ಆಗಲಿ, ಅವರಿಗೆ ನನ್ನ ಪ್ರೀತಿಯ ಆಹ್ವಾನವಿದೆ.

ಕೇರಳಕ್ಕೆ ಬನ್ನಿ. ಶೇ 26.56. ಮಲಪ್ಪುರಂ ಜಿಲ್ಲೆಯಲ್ಲಿ ಶೇ 70. ಕೋಯಿಕ್ಕೋಡಿನ ಕುಟ್ಟಿಚಿರದಲ್ಲಿ ಮಿಶ್ಕಾಲ್ ಮಸೀದಿ ಇದೆ. ಗುಮ್ಮಟವಿಲ್ಲ, ಮಿನಾರಿಲ್ಲ. ಮರದ ಅಂತಸ್ತುಗಳು, ಇಳಿಜಾರಾದ ಹೆಂಚಿನ ಮಾಡು, ಪಕ್ಕದಲ್ಲಿ ದೊಡ್ಡ ಕೊಳ. ಅಪರಿಚಿತರು ದೇವಸ್ಥಾನವೆಂದೇ ತಿಳಿಯಬಹುದು. ಕಟ್ಟಿಸಿದವನು ಹದಿನಾಲ್ಕನೆಯ ಶತಮಾನದ ಒಬ್ಬ ಹಡಗು ವ್ಯಾಪಾರಿ. 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿಯಿಟ್ಟರು. ಅದು ನಿಂತಿದ್ದ ಊರನ್ನು ಆಳುತ್ತಿದ್ದವನು ಹಿಂದೂ ದೊರೆ ಸಾಮೂದಿರಿ. ಅವನ ಆಶ್ರಯದಲ್ಲಿ ಮಸೀದಿ ಮತ್ತೆ ಎದ್ದಿತು. ಅರಬರ ಹಡಗುಗಳ ದಾರಿಯಲ್ಲೇ ಇರುವ ಲಕ್ಷದ್ವೀಪದಲ್ಲಿ ಶೇ 96ಕ್ಕೂ ಹೆಚ್ಚು. ತಮಿಳುನಾಡಿನ ಕಾಯಲ್‌ಪಟ್ಟಣಂ, ಕೀಳಕ್ಕರೈ ಕಥೆಯೂ ಇದೇ. ಕಡಲಿನ ಊರುಗಳು, ವ್ಯಾಪಾರದ ಊರುಗಳು.

‘ಟಿಪ್ಪು ಮಲಬಾರಿಗೆ ಹೋಗಿದ್ದನಲ್ಲ?’ ಹೋಗಿದ್ದ, ಹದಿನೆಂಟನೆಯ ಶತಮಾನದ ಕೊನೆಗೆ. ಅಷ್ಟರಲ್ಲಿ ಮಲಬಾರಿನ ಮುಸ್ಲಿಮರಾದ ಮಾಪಿಳ್ಳೆಯರು ಅಲ್ಲಿ ನೂರಾರು ವರ್ಷ ಬಾಳಿ ಆಗಿತ್ತು. ಅವನು ಬಂದು ಹೋದದ್ದರಿಂದಲೇ ಮಲಪ್ಪುರಂ ಆಯಿತು ಎನ್ನುವವರು, ಅವನು ಹುಟ್ಟಿ ಬೆಳೆದು ಆಳಿ ಸತ್ತ ನಾಡಿನಲ್ಲಿ ಏಕೆ ಹಾಗಾಗಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕು. ಕೊಡುವುದಿಲ್ಲ. ಈವರೆಗೆ ನನಗೆ ಒಬ್ಬರೂ ಕೊಟ್ಟಿಲ್ಲ.

ಪಂಜಾಬ್ ಹೇಳಿಬಿಡುತ್ತೇನೆ. ಶೇ 1.93. ಶತಮಾನಗಳ ಕಾಲ ಮುಸ್ಲಿಂ ಆಳ್ವಿಕೆ ಕಂಡ ನೆಲ. ಅಲ್ಲಿನ ಸಂಖ್ಯೆಯನ್ನು ಬರೆದದ್ದು 1947, ರಕ್ತದಲ್ಲಿ. ಮಾಲೇರ್‌ಕೋಟ್ಲಾ ಎಂಬ ಊರಿನಲ್ಲಿ ಮುಸ್ಲಿಮರು ಉಳಿದರು. ಗುರು ಗೋವಿಂದ ಸಿಂಗರ ಎಳೆಯ ಮಕ್ಕಳನ್ನು ಕೊಲ್ಲಬಾರದು ಎಂದು ಅಲ್ಲಿನ ನವಾಬ ಶೇರ್ ಮೊಹಮ್ಮದ್ ಖಾನ್ ಎತ್ತಿದ ದನಿಯನ್ನು ಸಿಖ್ಖರು ಮರೆತಿರಲಿಲ್ಲ. ಹರಿಯಾಣದ ನೂಹ್‌ನಲ್ಲಿ ಮೇವ ಮುಸ್ಲಿಮರು ಉಳಿದರು. 1947ರ ಡಿಸೆಂಬರ್ 19ರಂದು ಗಾಂಧೀಜಿ ಅಲ್ಲಿನ ಘಸೇರಾ ಹಳ್ಳಿಗೆ ಹೋಗಿ, ಊರು ಬಿಟ್ಟು ಹೋಗಬೇಡಿ ಎಂದು ಕೇಳಿಕೊಂಡಿದ್ದರು. 2011ರ ಗಣತಿಯಲ್ಲಿ ಆ ಜಿಲ್ಲೆಯಲ್ಲಿ ಸುಮಾರು ಶೇ 79. ಒಂದೇ ಆಳ್ವಿಕೆಯ ಕೆಳಗಿದ್ದ ಎರಡು ನೆಲ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಎಪ್ಪತ್ತೊಂಬತ್ತು!

ಇಷ್ಟಾದ ಮೇಲೂ ‘ಆದರೂ...’ ಎನ್ನುವವರಿದ್ದಾರೆ. ಆದರೂ ಏನು? ಹೈದರಾಬಾದ್ ಎನ್ನುತ್ತೀರಾ? ಅದು ದೊಡ್ಡ ನಗರ, ನಿಜಾಮನ ಕಚೇರಿ, ಸೈನ್ಯ, ಸಂಬಳ ಎಲ್ಲವೂ ಅಲ್ಲಿದ್ದವು. ಅದೇ ನಿಜಾಮ ಆಳಿದ ತೆಲಂಗಾಣದ ಹಳ್ಳಿಗಳಲ್ಲಿ ಎಷ್ಟಿದ್ದಾರೆ ನೋಡಿ. ನವಾಬರು ಆಳಿದ, ಉತ್ತರ ಪ್ರದೇಶದ ರಾಂಪುರ ಎನ್ನುತ್ತೀರಾ? ಒಂದು ರಾಂಪುರ ಹಿಡಿದು ಇಡೀ ದೇಶ ಅಳೆಯಬೇಡಿ. ಕಾಶ್ಮೀರ ಎನ್ನುತ್ತೀರಾ? ಅಲ್ಲಿನ ಸೂಫಿಗಳ, ಋಷಿಗಳ ಬಗ್ಗೆ ಒಂದು ಪೂರ್ತಿ ಸಂಚಿಕೆಯನ್ನೇ ಮಾಡುತ್ತೇನೆ, ಆಗ ಬಂದು ಕುಳಿತು ಕೇಳಿ.

ಮಂಗಳೂರಿನ ಬ್ಯಾರಿ, ಬಂಗಾಳದ ರೈತ, ಧುಬ್ರಿಯ ಸೆಣಬು ಬೆಳೆಗಾರ, ನೂಹ್‌ನ ಮೇವ. ನಾಲ್ವರೂ ನಾಲ್ಕು ದಾರಿಯಲ್ಲಿ ಇಲ್ಲಿಯವರಾದವರು. ಅವರನ್ನೆಲ್ಲ ಒಬ್ಬ ದೊರೆಯ ಖಾತೆಗೆ ಬರೆಯಬೇಡಿ. ದೊರೆಗಳ ನಕ್ಷೆ ಬೇರೆ, ಜನರ ನಕ್ಷೆ ಬೇರೆ! ಎಷ್ಟು ಸಲ ಹೇಳಬೇಕು?

ಮುಂದಿನ ಸಂಚಿಕೆ ಭಟ್ಕಳದ ನವಾಯತರ ಬಗ್ಗೆ. ಕರಾವಳಿಯ ಕೇಳುಗರೇ, ನಿಮ್ಮ ಮನೆಯ ಹಿರಿಯರಿಂದ ಕೇಳಿದ ಹಡಗಿನ ಕಥೆಗಳಿದ್ದರೆ ಬರೆದು ಕಳುಹಿಸಿ, ಓದುತ್ತೇನೆ. ಎದುರು ವಾದವಿದ್ದರೆ ಅದನ್ನೂ ಕಳುಹಿಸಿ, ಆದರೆ ಜಿಲ್ಲೆಯ ಹೆಸರು ಮತ್ತು ಗಣತಿಯ ಅಂಕಿ ಜೊತೆಗಿರಲಿ.