ಮೊದಲು ಒತ್ತಿ, ಆಮೇಲೆ ಕಟ್ಟಿ: ದೊಡ್ಡಮ್ಮನ ಅಂಗಳದಲ್ಲಿ ಬ್ಯಾಂಡೇಜ್ ಪಾಠ

ಈ ಸದ್ದು ಕೇಳಿಸುತ್ತಿದೆಯಾ? ಟಕ್, ಟಕ್ ಅಂತ. ಅಡಿಕೆ ಸುಲಿಯುವ ಸದ್ದು ಇದು. ಶಿರಸಿ ಹತ್ತಿರ ದೊಡ್ಡಮ್ಮನ ಮನೆಗೆ ಬಂದಿದ್ದೇನೆ. ಕೊಯ್ಲಿನ ಕಾಲ. ಸಂಜೆಯಾಯಿತೆಂದರೆ ಅಂಗಳಕ್ಕೊಂದು ಬಲ್ಬು ಎಳೆದುಕೊಂಡು ಎಂಟು ಹತ್ತು ಜನ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಹಸಿ ಅಡಿಕೆಯನ್ನು ಅಲಗಿಗೆ ಒತ್ತುತ್ತಾರೆ, ತಿರುವುತ್ತಾರೆ, ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಅವರ ಬೆರಳು ನೋಡಿ, ರಸ ಹತ್ತಿ ಕಪ್ಪಾಗಿವೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡವರಿದ್ದಾರೆ. ಹಳೇ ಸೈಕಲ್ ಟ್ಯೂಬಿನ ತುಂಡು ಹಾಕಿಕೊಂಡವರೂ ಇದ್ದಾರೆ.

ಎರಡು ವರ್ಷದ ಹಿಂದೆ ಇದೇ ಅಂಗಳದಲ್ಲಿ ದೊಡ್ಡಮ್ಮನ ಎಡಗೈ ಜಾರಿತು. ಅಂಗೈ ಮಧ್ಯೆ, ಹೆಬ್ಬೆರಳ ಬುಡದಿಂದ ಕಿರುಬೆರಳ ಕಡೆಗೆ ಒಂದು ಗೆರೆ ಎಳೆದ ಹಾಗೆ ಸೀಳಿತು. ಒಬ್ಬರು ಅರಿಶಿನ ತಂದರು. ಇನ್ನೊಬ್ಬರು ಕಾಫಿ ಪುಡಿ ತಂದರು. ಬೇಲಿಯಿಂದ ಕಮ್ಯುನಿಸ್ಟ್ ಗಿಡ ಅನ್ನುವ ಕಳೆಯ ಸೊಪ್ಪು ಕಿತ್ತು ಹಿಂಡಲು ಮತ್ತೊಬ್ಬರು ಓಡಿದರು. ನಾನು ಅದೆಲ್ಲ ಬೇಡ ಅಂದೆ. ಆದರೆ ನಾನು ಮಾಡಿದ್ದೇನು? ಒಂದು ಹಿಡಿ ಹತ್ತಿಯನ್ನು ಗಾಯಕ್ಕೆ ತುರುಕಿ, ಮೇಲೆ ಒಂದು ಬಟ್ಟೆಯನ್ನು ಶಕ್ತಿಯೆಲ್ಲ ಹಾಕಿ ಬಿಗಿದೆ. ಅರ್ಧ ಗಂಟೆಯ ದಾರಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ದೊಡ್ಡಮ್ಮನ ಬೆರಳು ತಣ್ಣಗಾಗಿ, ಜೋಮು ಹಿಡಿದು, ನೀಲಿಗೆ ತಿರುಗಿದ್ದವು. ನರ್ಸ್ ಬಟ್ಟೆ ಬಿಚ್ಚಿದರು. ಆಮೇಲೆ ಚಿಮುಟ ಹಿಡಿದು ಗಾಯದೊಳಗಿನ ಹತ್ತಿ ಎಳೆಗಳನ್ನು ಒಂದೊಂದಾಗಿ ಕಿತ್ತರು. ಪ್ರತಿ ಎಳೆಗೂ ದೊಡ್ಡಮ್ಮ ಹಲ್ಲು ಕಚ್ಚುತ್ತಿದ್ದಳು. ಅದನ್ನು ನೋಡುತ್ತಾ ನಿಂತಿದ್ದು ನನಗೆ ಇವತ್ತಿಗೂ ಮರೆಯಲಾಗುತ್ತಿಲ್ಲ.

ಆ ನರ್ಸ್ ಬೈಯಲಿಲ್ಲ. ಹೊಲಿಗೆ ಹಾಕಿ ಮುಗಿದ ಮೇಲೆ ನನ್ನನ್ನು ಕೂರಿಸಿಕೊಂಡು, ನನ್ನ ಕೈಗೇ ಕಟ್ಟಿ ತೋರಿಸಿದರು. ಇವತ್ತು ನಾನು ತೋರಿಸುವುದು ಅವರು ಕಲಿಸಿದ್ದು, ಆಮೇಲೆ ನಾನು ತರಬೇತಿಗೆ ಹೋಗಿ ಕಲಿತದ್ದು.

ಈಗ ದೊಡ್ಡಮ್ಮನ ಕೈ ನೋಡಿ. ಗಾಯ ಇಲ್ಲ, ಸುಮ್ನೆ ಅಭ್ಯಾಸಕ್ಕೆ. ರಕ್ತ ಕಂಡ ಕೂಡಲೇ ಎಲ್ಲರ ಕೈಯೂ ಬಟ್ಟೆ ಹುಡುಕುತ್ತದೆ, ಕಟ್ಟೋದಕ್ಕೆ. ಆದರೆ ರಕ್ತ ನಿಲ್ಲಿಸುವುದು ಕಟ್ಟಲ್ಲ, ಒತ್ತು. ಗಾಜ್, ಅಂದರೆ ಗಾಯಕ್ಕಿಡುವ ತೆಳು ಜಾಳು ಬಟ್ಟೆ, ಇದ್ದರೆ ಅದು, ಇಲ್ಲದಿದ್ದರೆ ಒಗೆದು ಒಣಗಿಸಿದ ಹತ್ತಿ ಬಟ್ಟೆ, ದಪ್ಪಗೆ ಮಡಚಿ ಗಾಯದ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಲಿ. ಗಡಿಯಾರ ನೋಡಿ, ಪೂರ್ತಿ 10 ನಿಮಿಷ. ನಡುವೆ ಎತ್ತಿ ನೋಡಬೇಡಿ. ನಿಂತಿದೆಯಾ ಅಂತ ಇಣುಕುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಎತ್ತಿದ ಕೂಡಲೇ ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತುಬಂದು ಮತ್ತೆ ಸುರಿಯುತ್ತದೆ. ಬಟ್ಟೆ ನೆನೆದರೆ ತೆಗೆಯದೆ, ಅದರ ಮೇಲೆ ಇನ್ನೊಂದು ಇಟ್ಟು ಇನ್ನಷ್ಟು ಬಲವಾಗಿ ಒತ್ತಿ. ಹೀಗೆ 10 ನಿಮಿಷ ಒತ್ತಿದರೂ ನಿಲ್ಲದಿದ್ದರೆ ಇನ್ನು ತಡ ಮಾಡಬೇಡಿ, ರಕ್ತ ಚಿಮ್ಮುತ್ತಿದ್ದರೆ ಆ 10 ನಿಮಿಷಕ್ಕೂ ಕಾಯಬೇಡಿ. ಒಬ್ಬರು ಒತ್ತುತ್ತಿರಲಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮರದ ಸಿಬರೋ, ಗಾಜಿನ ಚೂರೋ ಆಳಕ್ಕೆ ಚುಚ್ಚಿಕೊಂಡು ನಿಂತಿದ್ದರೆ ಕೀಳಬೇಡಿ, ಅದರ ಮೇಲೆ ಒತ್ತಲೂ ಬೇಡಿ. ಎರಡೂ ಪಕ್ಕಕ್ಕೆ ಬಟ್ಟೆ ಸುರುಳಿ ಒತ್ತಾಗಿಟ್ಟು, ಅದು ಅಲುಗದ ಹಾಗೆ ಮಾಡಿ ಆಸ್ಪತ್ರೆಗೆ ನಡೆಯಿರಿ.

ಇನ್ನು ಕಟ್ಟುವುದು. ಮೊದಲು ಉಂಗುರ, ಬಳೆ ತೆಗೆಯಿರಿ. ಆಮೇಲೆ ಊತ ಬಂದರೆ ತೆಗೆಯುವುದು ಕಷ್ಟ. ಗಾಯದ ಮೇಲೆ ಗಾಜ್ ಪ್ಯಾಡ್, ಅದರ ಮೇಲೆ ರೋಲರ್ ಬ್ಯಾಂಡೇಜ್. ಮಣಿಕಟ್ಟಿನಲ್ಲಿ ಎರಡು ಸುತ್ತು ಹಾಕಿ ನಿಲ್ಲಿಸಿಕೊಳ್ಳುತ್ತೇನೆ. ಅಲ್ಲಿಂದ ಕೈಯ ಹಿಂಭಾಗದಲ್ಲಿ ಓರೆಯಾಗಿ ಕಿರುಬೆರಳ ಬುಡಕ್ಕೆ. ಅಂಗೈ ಮೇಲೆ ಅಡ್ಡಲಾಗಿ ಬಂದು, ಹೆಬ್ಬೆರಳು ಮತ್ತು ತೋರುಬೆರಳ ನಡುವಿನಿಂದ ಮತ್ತೆ ಹಿಂಭಾಗಕ್ಕೆ, ಮಣಿಕಟ್ಟಿಗೆ. ಇಂಗ್ಲಿಷಿನ 8 ಬರೆದ ಹಾಗೆ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧಕ್ಕಿಂತ ಜಾಸ್ತಿ ಮುಚ್ಚಬೇಕು. ಹೆಬ್ಬೆರಳು ಹೊರಗೆ, ಬೆರಳ ತುದಿಗಳೂ ಹೊರಗೆ. ಗಂಟು ಗಾಯದ ಮೇಲೆ ಬರಬಾರದು, ಮಣಿಕಟ್ಟಿನ ಹಿಂದೆ ಬರಲಿ.

ಬೆರಳ ತುದಿ ಹೊರಗೆ ಬಿಟ್ಟಿದ್ದು ಯಾಕೆ? ಇದಕ್ಕೆ. ದೊಡ್ಡಮ್ಮನ ಉಗುರನ್ನು ಒತ್ತಿ ಹಿಡಿಯುತ್ತೇನೆ, ಬೆಳ್ಳಗಾಯಿತು. ಬಿಟ್ಟೆ. ಒಂದು, ಎರಡು ಎಣಿಸುವಷ್ಟರಲ್ಲಿ ಕೆಂಪು ವಾಪಸ್ ಬಂತು. ಅಂದರೆ ರಕ್ತ ಓಡಾಡುತ್ತಿದೆ. ಬರುವುದು ತಡವಾದರೆ, ಬೆರಳು ತಣ್ಣಗಿದ್ದರೆ, ಜುಮ್ಮೆನ್ನುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ ಅಂತ ಅರ್ಥ, ಬಿಚ್ಚಿ ಸಡಿಲವಾಗಿ ಸುತ್ತಿ. 10 ನಿಮಿಷಕ್ಕೊಮ್ಮೆ ಹೀಗೇ ನೋಡಿ. ಕಟ್ಟಿದಾಗ ಸರಿಯಿದ್ದದ್ದು ಊತ ಬಂದ ಮೇಲೆ ಬಿಗಿಯಾಗಬಹುದು. ಅವತ್ತು ಆ ಅರ್ಧ ಗಂಟೆಯಲ್ಲಿ ನಾನು ಒಂದು ಸಲ ಇದನ್ನು ನೋಡಿದ್ದರೂ ಸಾಕಿತ್ತು.

ಹತ್ತಿ ವಿಷಯ ಇನ್ನೊಮ್ಮೆ ಹೇಳುತ್ತೇನೆ. ಗಾಯಕ್ಕೆ ನೇರವಾಗಿ ಹತ್ತಿ ಬೇಡ, ಎಳೆ ಒಳಗೆ ಅಂಟುತ್ತದೆ. ಅರಿಶಿನ, ಕಾಫಿ ಪುಡಿ, ಸುಣ್ಣ, ಸೊಪ್ಪಿನ ರಸ ಯಾವುದೂ ಬೇಡ. ಹಿರಿಯರು ಪ್ರೀತಿಯಿಂದಲೇ ಹಚ್ಚುತ್ತಾರೆ, ನನಗೆ ಗೊತ್ತು. ಆದರೆ ಹೊಲಿಗೆ ಬೇಕಾದ ಗಾಯ ಅದು. ಡಾಕ್ಟರು ಮೊದಲು ಆ ಪುಡಿಯನ್ನೆಲ್ಲ ತೊಳೆಯಬೇಕಾಗುತ್ತದೆ, ಆ ನೋವು ನಿಮ್ಮವರಿಗೇ.

ಸಣ್ಣ ಗಾಯಕ್ಕೆ ಇಷ್ಟೆಲ್ಲ ಬೇಡ. ತರಕಾರಿ ಹೆಚ್ಚುವಾಗ ಬೆರಳು ಕುಯ್ದರೆ, ಮಗು ಬಿದ್ದು ಮಂಡಿ ತರಚಿದರೆ, ನಿಮ್ಮ ಕೈ ತೊಳೆದುಕೊಳ್ಳಿ, ಹರಿಯುವ ನೀರಿನಲ್ಲಿ ಮಣ್ಣು ಹೋಗುವ ತನಕ ತೊಳೆಯಿರಿ, ಒತ್ತಿ ಒರೆಸಿ, ಬ್ಯಾಂಡೇಡ್ ಹಚ್ಚಿ. ಅಂದ ಹಾಗೆ ಬ್ಯಾಂಡೇಡ್ ಹುಟ್ಟಿದ್ದೂ ಅಡುಗೆಮನೆಯ ಗಾಯದಿಂದಲೇ. ಅಮೆರಿಕದಲ್ಲಿ ಅರ್ಲ್ ಡಿಕ್ಸನ್ ಅನ್ನುವವರ ಹೆಂಡತಿ ಅಡುಗೆ ಮಾಡುವಾಗ ಆಗಾಗ ಕೈ ಕುಯ್ದುಕೊಳ್ಳುತ್ತಿದ್ದರಂತೆ. ಆಕೆ ಒಬ್ಬರೇ ಹಚ್ಚಿಕೊಳ್ಳುವ ಹಾಗೆ ಅಂಟುಪಟ್ಟಿಗೆ ಗಾಜ್ ತುಂಡು ಸೇರಿಸಿ 1920ರಲ್ಲಿ ಅವರು ಅದನ್ನು ಮಾಡಿಕೊಟ್ಟರು. ಈ ಕತೆ ನನಗೆ ತುಂಬಾ ಇಷ್ಟ. ಪಟ್ಟಿ ಒದ್ದೆಯಾದರೆ ಬದಲಿಸಿ, ಇಲ್ಲದಿದ್ದರೂ ದಿನಕ್ಕೊಮ್ಮೆ ಬದಲಿಸಿ. ತುಕ್ಕು, ಮಣ್ಣು, ಸಗಣಿ ತಾಗಿದ ಗಾಯವಾದರೆ ಚಿಕ್ಕದಿದ್ದರೂ ಧನುರ್ವಾಯು (ಟೆಟನಸ್) ತಡೆಯುವ ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ಈಗ ಕಾಲು ಉಳುಕಿದ್ದಕ್ಕೆ ಬರೋಣ. ತೋಟದಲ್ಲಿ ಕಾಲುವೆ ದಾಟುವಾಗ ಇದು ವಾರಕ್ಕೊಬ್ಬರಿಗೆ ಆಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಿ, ಉಜ್ಜಬೇಡಿ, ನೀವಿಸಬೇಡಿ. ಆಮೇಲೆ 10 ಸೆಂಟಿಮೀಟರ್ ಅಗಲದ ಕ್ರೇಪ್ ಬ್ಯಾಂಡೇಜ್, ಎಳೆದರೆ ಹಿಗ್ಗುವ ಪಟ್ಟಿ. ಪಾದ ನೇರವಾಗಿ ಮೇಲೆ ನೋಡುತ್ತಿರಲಿ. ಬೆರಳ ಬುಡದಿಂದ ಶುರು ಮಾಡಿ, ಪಾದದ ಮೇಲೆ ಓರೆಯಾಗಿ ಕಣಕಾಲಿಗೆ, ಹಿಂದಿನಿಂದ ಸುತ್ತಿ ಮತ್ತೆ ಪಾದಕ್ಕೆ. ಇದೂ 8ರ ಆಕಾರವೇ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಎಳೆದು ಎಳೆದು ಸುತ್ತಬೇಡಿ. ಮಲಗುವಾಗ ಬಿಚ್ಚಿಡಿ, ಕಾಲಡಿಗೆ ದಿಂಬಿಡಿ. ನಾಲ್ಕು ಹೆಜ್ಜೆಯನ್ನೂ ಊರಿ ನಡೆಯಲಾಗದಿದ್ದರೆ ಉಳುಕು ಅಂತ ಸುಮ್ಮನಿರಬೇಡಿ, ಎಕ್ಸ್‌ರೇ ಮಾಡಿಸಿ.

ಕೈ ಮುರಿದಿರಬಹುದು ಅನಿಸಿದರೆ ಎಳೆದು ಸರಿ ಮಾಡಲು ಹೋಗಬೇಡಿ. ಇದ್ದ ಹಾಗೇ ಎದೆಗೆ ಆನಿಸಿ ತೂಗುಪಟ್ಟಿ ಕಟ್ಟಿ. ಸುಮಾರು ಒಂದು ಮೀಟರ್ ಚೌಕದ ಬಟ್ಟೆಯನ್ನು ಓರೆಗೆ ಮಡಚಿದರೆ ತ್ರಿಕೋನ ಬ್ಯಾಂಡೇಜ್ ಸಿದ್ಧ. 19ನೇ ಶತಮಾನದಲ್ಲಿ ಜರ್ಮನಿಯ ಸೇನಾ ವೈದ್ಯ ಎಸ್ಮಾರ್ಕ್ ಈ ತ್ರಿಕೋನ ಬಟ್ಟೆಯನ್ನು ಎಲ್ಲ ಕಡೆ ಬಳಕೆಗೆ ತಂದರು. ನಮ್ಮಲ್ಲಿ ಹಳೇ ಪಂಚೆ, ದುಪಟ್ಟಾ ಸಾಕು. ಬೆರಳ ತುದಿ ಮೊಣಕೈಗಿಂತ ಸ್ವಲ್ಪ ಮೇಲಿರಲಿ.

ಕಟ್ಟಬಾರದ್ದೂ ಇದೆ. ಹಾವು ಕಚ್ಚಿದರೆ ಹಗ್ಗ, ಬಟ್ಟೆ ಬಿಗಿಯಬೇಡಿ, ಕುಯ್ಯಬೇಡಿ, ಹೀರಬೇಡಿ. ಅವರನ್ನು ನಡೆಸದೆ, ಕಚ್ಚಿದ ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಾಯಿ ಕಚ್ಚಿದರೆ 15 ನಿಮಿಷ ಸೋಪು ಹಚ್ಚಿ ನಲ್ಲಿ ಕೆಳಗೆ ತೊಳೆಯಿರಿ, ಗಾಯವನ್ನು ಬಿಗಿಯಾಗಿ ಮುಚ್ಚದೆ ಅವತ್ತೇ ಲಸಿಕೆಗೆ ಹೋಗಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಗುಳ್ಳೆ ಒಡೆಯಬೇಡಿ. ಆಮೇಲೆ ಸ್ವಚ್ಛ ಬಟ್ಟೆ ಸಡಿಲವಾಗಿ ಮುಚ್ಚಿ ಸಾಕು.

ಈ ಡಬ್ಬಿ ನೋಡಿ, ಹಳೇ ಬಿಸ್ಕತ್ ಡಬ್ಬಿ. ಗಾಜ್ ಪ್ಯಾಡ್, ಎರಡು ರೋಲರ್, ಒಂದು ಕ್ರೇಪ್, ಟೇಪು, ಕತ್ತರಿ, ಮಡಚಿದ ಪಂಚೆ ತುಂಡು, ಕೈಗವಸು. ಮೊದಲು ಇದು ಒಳಕೋಣೆಯ ಕಪಾಟಿನಲ್ಲಿತ್ತು. ಈಗ ದೊಡ್ಡಮ್ಮ ಸುಲಿಯುವ ಜಾಗದ ಕಂಬಕ್ಕೇ ಮೊಳೆ ಹೊಡೆಸಿ ನೇತುಹಾಕಿದ್ದಾಳೆ.

ಈಗ ಅವಳ ಸರದಿ, ನನ್ನ ಕೈಗೆ ಸುತ್ತುತ್ತಿದ್ದಾಳೆ. ಕಪ್ಪು ಬೆರಳು, ಬಿಳಿ ಬಟ್ಟೆ. ಸುಲಿಯುವವರೂ ಕತ್ತಿ ಬಿಟ್ಟು ಸುತ್ತ ಬಂದು ನಿಂತಿದ್ದಾರೆ. ಗಂಟು ಹಾಕಿದಳು. ನಾನು ಏನೂ ಹೇಳಲಿಲ್ಲ. ಅವಳೇ ನನ್ನ ಉಗುರು ಒತ್ತಿ, ಬಿಟ್ಟು, ಎಣಿಸುತ್ತಿದ್ದಾಳೆ. ಒಂದು, ಎರಡು.