ಬೆನ್ನ ಮೇಲೆ ಪುಟ್ಟ ಯಂತ್ರ ಹೊತ್ತ ಮೀನುಡೇಗೆ

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಾರ್ಥಾಸ್ ವಿನ್ಯಾರ್ಡ್ ಅನ್ನುವ ಒಂದು ಪುಟ್ಟ ದ್ವೀಪವಿದೆ. 2008ರಲ್ಲಿ ಅಲ್ಲಿನ ಒಂದು ಗೂಡಿನಲ್ಲಿ ಬೆಳೆದ ಹೆಣ್ಣು ಮರಿಯೊಂದರ ಕತೆಯಿಂದ ಮಾತು ಶುರುಮಾಡುತ್ತೇನೆ. ಅದು ಆಸ್ಪ್ರೆ ಜಾತಿಯ ಹಕ್ಕಿ. ಕನ್ನಡದಲ್ಲಿ ಮೀನುಡೇಗೆ ಅನ್ನೋಣ. ರಾಬ್ ಬಿಯರ್‌ಗಾರ್ಡ್ ಅನ್ನುವ ಪಕ್ಷಿವಿಜ್ಞಾನಿ ಆ ದ್ವೀಪದ ಮೀನುಡೇಗೆಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಯಂತ್ರ ಕಟ್ಟಿ, ಅವುಗಳ ದಾರಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದವರು. ಈ ಮರಿಗೂ ಯಂತ್ರ ಕಟ್ಟಿದರು. ಅದಕ್ಕೆ ಪೆನೆಲೊಪಿ ಅಂತ ಹೆಸರಾಯಿತು.

ಬೇಸಿಗೆ ಮುಗಿಯಿತು. ಪೆನೆಲೊಪಿ ದ್ವೀಪ ಬಿಟ್ಟು ದಕ್ಷಿಣಕ್ಕೆ ಹೊರಟಳು. ಇಳಿದದ್ದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ. 13 ದಿನದಲ್ಲಿ ಸುಮಾರು 4,300 ಕಿಲೋಮೀಟರ್! ಮೊಟ್ಟೆಯೊಡೆದು ಹೊರಬಂದು ಕೆಲವೇ ತಿಂಗಳಾಗಿದ್ದ ಹಕ್ಕಿ ಅದು. ಜೊತೆಗೆ ಅಮ್ಮ ಇಲ್ಲ, ಅಪ್ಪ ಇಲ್ಲ, ದಾರಿ ಗೊತ್ತಿರುವ ಹಿರಿಯರು ಯಾರೂ ಇಲ್ಲ.

ಈ ಹಕ್ಕಿ ನಮಗೂ ಹೊಸದಲ್ಲ. ಚಳಿಗಾಲದಲ್ಲಿ ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೋ ಕಬಿನಿ ಹಿನ್ನೀರಿಗೋ ಹೋದವರು ನೋಡಿರುತ್ತೀರಿ. ನೀರಿನ ನಡುವೆ ನಿಂತ ಒಣಮರದ ತುದಿಯಲ್ಲಿ ಒಂಟಿಯಾಗಿ ಕೂತಿರುತ್ತದೆ. ಬೆನ್ನು ಕಡುಕಂದು, ಹೊಟ್ಟೆ ಬಿಳಿ. ಹಳದಿ ಕಣ್ಣಿನಿಂದ ಕತ್ತಿನವರೆಗೆ ಒಂದು ದಪ್ಪ ಕಪ್ಪು ಪಟ್ಟೆ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಐದಡಿ ಸುಲಭವಾಗಿ ಆಗುತ್ತದೆ. ತೂಕ ಮಾತ್ರ ಒಂದೂವರೆ ಕೆಜಿ ಆಸುಪಾಸು.

ಅದು ಮೀನು ಹಿಡಿಯುವುದನ್ನು ನೀವು ಒಮ್ಮೆ ನೋಡಬೇಕು. ನೀರಿನ ಮೇಲೆ ಎತ್ತರದಲ್ಲಿ, ಇದ್ದ ಜಾಗದಲ್ಲೇ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ತಲೆ ತಗ್ಗಿಸಿ ನೋಡುತ್ತದೆ. ಆಮೇಲೆ ರೆಕ್ಕೆ ಮಡಚಿ ಬೀಳುತ್ತದೆ. ನೀರು ಮುಟ್ಟುವ ಕೊನೆಯ ಗಳಿಗೆಯಲ್ಲಿ ಎರಡೂ ಕಾಲು ಮುಂದಕ್ಕೆ, ತಲೆಗಿಂತಲೂ ಮುಂದಕ್ಕೆ ಬರುತ್ತವೆ. ದೊಡ್ಡದಾಗಿ ನೀರು ಚಿಮ್ಮುತ್ತದೆ. ಒಮ್ಮೊಮ್ಮೆ ಹಕ್ಕಿ ಪೂರ್ತಿ ಮುಳುಗಿಬಿಡುತ್ತದೆ. ಬೇರೆ ಹದ್ದು ಗಿಡುಗಗಳಿಗೆ ಸಾಮಾನ್ಯವಾಗಿ ಮುಂದೆ ಮೂರು ಬೆರಳು, ಹಿಂದೆ ಒಂದು. ಮೀನುಡೇಗೆ ಮಾತ್ರ ಹೊರಗಿನ ಬೆರಳನ್ನು ಹಿಂದಕ್ಕೆ ತಿರುಗಿಸಿ, ಮುಂದೆ ಎರಡು ಹಿಂದೆ ಎರಡು ಮಾಡಿಕೊಂಡು ಮೀನನ್ನು ಹಿಡಿಯುತ್ತದೆ. ಅಂಗಾಲಿನ ತುಂಬ ಸಣ್ಣ ಸಣ್ಣ ಮುಳ್ಳುಗಳಿವೆ. ಎಷ್ಟೇ ಲೋಳೆ ಇದ್ದರೂ ಮೀನು ಜಾರುವುದಿಲ್ಲ. ಮೇಲೆದ್ದು ಹಾರುತ್ತಾ ಹಾರುತ್ತಾ ಮೈ ಒದರಿ ನೀರು ಕೊಡವುತ್ತದೆ. ಹಿಡಿತ ಬದಲಿಸಿ ಮೀನಿನ ತಲೆಯನ್ನು ಮುಂದಕ್ಕೆ ತಂದುಕೊಳ್ಳುತ್ತದೆ. ಹೀಗೆ ಹಿಡಿದರೆ ಗಾಳಿಯ ತಡೆ ಕಡಿಮೆ.

ಇದರ ಊಟ ಹೆಚ್ಚುಕಡಿಮೆ ಪೂರ್ತಿ ಮೀನೇ. ವಲಸೆಗೆ ಮುಖ್ಯ ಕಾರಣವೂ ಅದೇ. ಉತ್ತರದ ದೇಶಗಳಲ್ಲಿ ಚಳಿಗಾಲ ಬಂದರೆ ಕೆರೆ ಮೇಲೆ ಹಿಮ ಕಟ್ಟುತ್ತದೆ, ಮೀನು ಆಳಕ್ಕೆ ಇಳಿಯುತ್ತದೆ. ಒಂದು ಮೀಟರ್ ಆಳದವರೆಗೆ ಮಾತ್ರ ಕೈಚಳಕ ತೋರಿಸಬಲ್ಲ ಹಕ್ಕಿಗೆ ಅಲ್ಲಿ ಉಪವಾಸವೇ ಗತಿ. ಹಾಗಾಗಿ ಹೊರಡಲೇಬೇಕು.

ಹೊರಟ ಹಕ್ಕಿ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಮೊದಲು ಕಾಲಿನ ಉಂಗುರವೊಂದೇ ದಾರಿಯಾಗಿತ್ತು. ಮರಿಯ ಕಾಲಿಗೆ ನಂಬರ್ ಇರುವ ಉಂಗುರ ಹಾಕಿ ಬಿಡುತ್ತಿದ್ದರು. ಸಾವಿರಾರು ಕಿಲೋಮೀಟರ್ ದೂರದಲ್ಲಿ ಯಾರೋ ಒಬ್ಬರು ಸತ್ತ ಹಕ್ಕಿಯನ್ನು ಕಂಡು ಪತ್ರ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊರಟ ಜಾಗ, ಸತ್ತ ಜಾಗ, ಎರಡೇ ಚುಕ್ಕಿ. ನಡುವಿನ ಬದುಕು ಪೂರ್ತಿ ಕತ್ತಲು.

1978ರಲ್ಲಿ ಆರ್ಗೋಸ್ ಅನ್ನುವ ಉಪಗ್ರಹ ವ್ಯವಸ್ಥೆ ಕೆಲಸ ಶುರುಮಾಡಿತು. ರೈಲು ನಮ್ಮ ಕಡೆ ಬರುವಾಗ ಅದರ ಸೀಟಿ ಒಂದು ಸ್ವರದಲ್ಲಿ, ದಾಟಿ ಹೋಗುವಾಗ ಇನ್ನೊಂದು ಸ್ವರದಲ್ಲಿ ಕೇಳಿಸುತ್ತದೆ ಅಲ್ವಾ? ಹಕ್ಕಿಯ ಬೆನ್ನಿನ ಯಂತ್ರದಿಂದ ಬರುವ ರೇಡಿಯೋ ಅಲೆಯಲ್ಲಿ ಅದೇ ರೀತಿಯ ಏರಿಳಿತವನ್ನು ಉಪಗ್ರಹ ಅಳೆದು, ಹಕ್ಕಿ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಆಮೇಲೆ ಜಿಪಿಎಸ್ ಬಂತು. ಈಗ ಹಕ್ಕಿ ಯಾವ ದಿಣ್ಣೆ ಮೇಲೆ ಇದೆ, ಯಾವ ಹೊಳೆಯ ಯಾವ ತಿರುವಿನಲ್ಲಿ ಇದೆ ಅನ್ನುವಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ. ಯಂತ್ರಕ್ಕೆ ಬಿಸಿಲಿನಿಂದಲೇ ವಿದ್ಯುತ್ತು. ತೂಕ ಸುಮಾರು 30 ಗ್ರಾಂ. ಹಕ್ಕಿಯ ತೂಕದ ನೂರಕ್ಕೆ ಮೂರು ಪಾಲು ಮೀರಬಾರದು ಅನ್ನುವ ಕಟ್ಟುನಿಟ್ಟು ಇದೆ.

ಅದನ್ನು ಕಟ್ಟುವುದನ್ನೂ ಹೇಳಬೇಕು. ಹಕ್ಕಿಯನ್ನು ಹಿಡಿದು ಮೊದಲು ಕಣ್ಣು ಮುಚ್ಚುವ ಹಾಗೆ ತಲೆಗೆ ಟೊಪ್ಪಿ ಹಾಕುತ್ತಾರೆ. ಕತ್ತಲಾದರೆ ಅದು ಸುಮ್ಮನಾಗುತ್ತದೆ. ಯಂತ್ರ ಎರಡು ರೆಕ್ಕೆಗಳ ನಡುವೆ ಕೂರುತ್ತದೆ. ಟೆಫ್ಲಾನ್ ಪಟ್ಟಿಗಳು ರೆಕ್ಕೆಯ ಸುತ್ತ ಬಂದು ಎದೆಯ ಮೇಲೆ ಸೇರುತ್ತವೆ. ಅಲ್ಲಿ ಹಾಕುವ ಹೊಲಿಗೆ ಹತ್ತಿ ದಾರದ್ದು. ಟೆಫ್ಲಾನ್ ಹಾಳಾಗುವುದಿಲ್ಲ, ಹತ್ತಿ ಹಾಳಾಗುತ್ತದೆ. ಕೆಲವು ವರ್ಷಕ್ಕೆ ದಾರ ಸವೆದು ಕಿತ್ತು ಯಂತ್ರ ತಾನಾಗಿ ಬಿದ್ದುಹೋಗಲಿ, ಹಕ್ಕಿ ಬದುಕಿರುವವರೆಗೂ ಹೊರೆ ಹೊರದಿರಲಿ ಅಂತ ಈ ಏರ್ಪಾಡು. ನನಗೆ ಈ ವಿಜ್ಞಾನದಲ್ಲಿ ತುಂಬ ಇಷ್ಟವಾಗುವುದು ಈ ಹತ್ತಿ ದಾರವೇ.

ಬ್ರಿಟನ್ನಿನಲ್ಲಿ ಈ ಹಕ್ಕಿಯ ಕತೆ ಬೇರೆಯೇ ಇದೆ. ಬಂದೂಕು ಹಿಡಿದವರು ಮತ್ತು ಮೊಟ್ಟೆ ಸಂಗ್ರಹದ ಶೋಕಿಯವರು ಸೇರಿ 20ನೇ ಶತಮಾನದ ಶುರುವಿನಲ್ಲಿ ಅಲ್ಲಿ ಗೂಡು ಕಟ್ಟುವ ಮೀನುಡೇಗೆಗಳನ್ನೇ ಇಲ್ಲವಾಗಿಸಿದರು. 1950ರ ದಶಕದಲ್ಲಿ ಒಂದು ಜೋಡಿ ತಾನಾಗಿ ಸ್ಕಾಟ್ಲೆಂಡಿನ ಲಾಕ್ ಗಾರ್ಟೆನ್ ಸರೋವರಕ್ಕೆ ಬಂತು. ಹಕ್ಕಿಗಳ ರಕ್ಷಣೆಗೆ ದುಡಿಯುತ್ತಿದ್ದ ಜಾರ್ಜ್ ವಾಟರ್‌ಸ್ಟನ್ ಮತ್ತು ಸಂಗಡಿಗರು ಗೂಡಿಗೆ ರಾತ್ರಿ ಹಗಲು ಕಾವಲು ಕೂತರು. ಆದರೂ 1958ರಲ್ಲಿ ಒಂದು ರಾತ್ರಿ ಕಳ್ಳನೊಬ್ಬ ಮರ ಹತ್ತಿದ. ಬೆಳಿಗ್ಗೆ ನೋಡಿದರೆ ಗೂಡಿನಲ್ಲಿ ಕಂದು ಬೂಟ್ ಪಾಲಿಶ್ ಬಳಿದ ಕೋಳಿಮೊಟ್ಟೆ! ಮೀನುಡೇಗೆಯ ಮೊಟ್ಟೆ ಒಡೆದು ಕೆಳಗೆ ಬಿದ್ದಿತ್ತು. ಮರುವರ್ಷ ಕಾವಲು ಬಿಗಿ ಮಾಡಿದರು. ಅಷ್ಟೇ ಅಲ್ಲ, ಗೂಡು ಎಲ್ಲಿದೆ ಅನ್ನುವುದನ್ನು ಮುಚ್ಚಿಡುವ ಬದಲು ಜನರನ್ನೇ ಕರೆದು ದೂರದಿಂದ ತೋರಿಸಿದರು. ಸಾವಿರಾರು ಜನ ಬಂದರು. ನೋಡಿ ಹೋದವರೆಲ್ಲ ಆ ಹಕ್ಕಿಯ ಕಡೆಯವರಾದರು. 1959ರಲ್ಲಿ ಮರಿಗಳು ಹಾರಿದವು.

ಇಂಗ್ಲೆಂಡಿಗೆ ಹಕ್ಕಿ ಮರಳಲು ಇನ್ನೂ ನಾಲ್ಕು ದಶಕ ಬೇಕಾಯಿತು. 1996ರಿಂದ ಸ್ಕಾಟ್ಲೆಂಡಿನ ಮರಿಗಳನ್ನು ತಂದು ರಟ್ಲೆಂಡ್ ವಾಟರ್ ಅನ್ನುವ ಜಲಾಶಯದ ದಡದಲ್ಲಿ ಸಾಕಿ ಬಿಟ್ಟರು. ನಮ್ಮ ಭದ್ರೆಯ ಹಾಗೆ ಅದೂ ಮನುಷ್ಯರು ನೀರು ತಡೆದು ಮಾಡಿದ್ದು. ಎಲ್ಲಿ ಮೊದಲ ಸಲ ರೆಕ್ಕೆ ಬಿಚ್ಚಿತೋ ಆ ಜಾಗವನ್ನೇ ಮೀನುಡೇಗೆ ಊರು ಅಂದುಕೊಳ್ಳುತ್ತದೆ. ಆಫ್ರಿಕಾಕ್ಕೆ ಹೋಗಿ ಬಂದ ಗಂಡುಗಳು ಇಲ್ಲಿಗೇ ಮರಳಿದವು. 2001ರಲ್ಲಿ ಅಲ್ಲಿ ಮೊದಲ ಮರಿ ಹಾರಿತು. ಮಧ್ಯ ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲು ಹಾಗಾಗಿ ನೂರೈವತ್ತು ವರ್ಷ ಕಳೆದಿತ್ತು.

2005ರಲ್ಲಿ ರಟ್ಲೆಂಡಿನ ಒಂದು ಹೆಣ್ಣು ಮರಿಯ ಕಾಲಿಗೆ 30 ಅನ್ನುವ ಉಂಗುರ ಬಿತ್ತು. ಅದಕ್ಕೆ ಬೇರೆ ಹೆಸರಿಡಲಿಲ್ಲ, ಎಲ್ಲರೂ 30 ಅಂತಲೇ ಕರೆದರು. 2013ರಲ್ಲಿ ಅದರ ಬೆನ್ನಿಗೆ ಯಂತ್ರ ಕಟ್ಟಿದರು. ಆ ಶರತ್ಕಾಲದಲ್ಲಿ ಅದು ಫ್ರಾನ್ಸ್, ಸ್ಪೇನ್ ದಾಟಿ, ಸಹಾರಾ ಮರುಭೂಮಿ ದಾಟಿ, ಸೆನೆಗಲ್ ದೇಶದ ಕಡಲ ತೀರದಲ್ಲಿ ಇಳಿಯಿತು. ಚಳಿಗಾಲ ಪೂರ್ತಿ ಅಲ್ಲೇ. ಮರುವರ್ಷವೂ ಅದೇ ತೀರ. ಸಮುದ್ರದಲ್ಲಿ ಮೀನು ಹಿಡಿಯುವುದು, ಒಳಗಿನ ಮರಗಳ ಕಡೆ ಹೋಗಿ ಕೂರುವುದು, ಇಷ್ಟೇ ಅದರ ದಿನಚರಿ. ಆಫ್ರಿಕಾದಂಥ ಅಷ್ಟು ದೊಡ್ಡ ಖಂಡದಲ್ಲಿ ಅದಕ್ಕೆ ಬೇಕಾಗಿದ್ದದ್ದು ಕೆಲವೇ ಕಿಲೋಮೀಟರ್ ಜಾಗ.

ಕೇಳುಗರೇ, ನನಗೆ ದಾರಿಯ ಉದ್ದಕ್ಕಿಂತ ದೊಡ್ಡ ವಿಷಯ ಅನಿಸಿದ್ದು ಇದು. ಮೀನುಡೇಗೆ ಸುಮ್ನೆ 'ಆಫ್ರಿಕಾಕ್ಕೆ' ಹೋಗುವುದಿಲ್ಲ. ಒಂದು ವಿಳಾಸಕ್ಕೆ ಹೋಗುತ್ತದೆ. ಬೇಸಿಗೆಗೆ ಒಂದು ವಿಳಾಸ, ಚಳಿಗಾಲಕ್ಕೆ ಇನ್ನೊಂದು. ಆ ಒಂದು ತೀರದ ಮೀನು ಮುಗಿದರೆ, ಆ ನಾಲ್ಕು ಮರ ಉರುಳಿದರೆ, 'ಪಕ್ಕದಲ್ಲಿ ಬೇಕಾದಷ್ಟು ಜಾಗ ಇದೆಯಲ್ಲ' ಅನ್ನುವ ಮಾತು ಆ ಹಕ್ಕಿಗೆ ನಡೆಯುವುದಿಲ್ಲ. ಒಳ್ಳೆಯ ಜಾಗಗಳಲ್ಲಿ ಆಗಲೇ ಬೇರೆ ಹಕ್ಕಿಗಳು ಕೂತಿರುತ್ತವೆ.

ಗಂಡ ಹೆಂಡತಿ ವಿಷಯವೂ ಹೀಗೇ. ಒಂದೇ ಗೂಡಿನ ಜೋಡಿ ಚಳಿಗಾಲವನ್ನು ಜೊತೆಯಲ್ಲಿ ಕಳೆಯುವುದಿಲ್ಲ. ಮರಿಗಳು ಹಾರಲು ಕಲಿತ ಮೇಲೆ ತಾಯಿ ಮೊದಲು ಹೊರಡುತ್ತದೆ. ತಂದೆ ಹಿಂದೆ ಉಳಿದು ಮರಿಗಳಿಗೆ ಮೀನು ತಂದುಹಾಕುತ್ತದೆ. ಮರಿಗಳು ಒಂದೊಂದಾಗಿ ತಮ್ಮ ಪಾಡಿಗೆ ಹೊರಟುಬಿಡುತ್ತವೆ. ಒಂದೇ ಮನೆಯವರು ನಾಲ್ಕು ದಿಕ್ಕಿನಲ್ಲಿ, ನೂರಾರು ಕಿಲೋಮೀಟರ್ ದೂರದಲ್ಲಿ ಚಳಿಗಾಲ ಕಳೆಯುತ್ತಾರೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಗಂಡು ಹೆಣ್ಣು ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಅದೇ ಹಳೆಯ ಗೂಡಿನಲ್ಲಿ ಸೇರುತ್ತವೆ. ಮರಿಗಳು ಮಾತ್ರ ಮರುವರ್ಷ ಬರುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷ ತುಂಬಿದ ಮೇಲೆಯೇ ಅವು ಹುಟ್ಟೂರಿನ ಕಡೆ ಮುಖ ಮಾಡುವುದು.

ಆ ಮೊದಲ ಪ್ರಯಾಣ ಇದೆಯಲ್ಲ, ಅದು ಭಯಂಕರ. ಅಮೆರಿಕದ ಕಡೆ ಪ್ರಾಯದ ಹಕ್ಕಿಗಳು ಕರಾವಳಿ ಹಿಡಿದು ಫ್ಲೋರಿಡಾ, ಕ್ಯೂಬಾ ಅಂತ ನೆಲ ನೋಡಿಕೊಂಡು ಹೋಗುತ್ತವೆ. ಪೆನೆಲೊಪಿಯ ದ್ವೀಪದ ಕಡೆಯ ಎಷ್ಟೋ ಮರಿಗಳು ನೇರವಾಗಿ ಅಟ್ಲಾಂಟಿಕ್ ಸಾಗರದ ಮೇಲೆ ಹೊರಟುಬಿಡುತ್ತವೆ. ಕೆಳಗೆ ಇಳಿಯಲು ಜಾಗ ಇಲ್ಲ. ಹಗಲು ರಾತ್ರಿ ಹಾರಲೇಬೇಕು. ದಕ್ಷಿಣಕ್ಕೆ ಹೋಗು ಅನ್ನುವ ತಿಳಿವಳಿಕೆ ಹುಟ್ಟಿನಿಂದಲೇ ಇರುತ್ತದೆ. ಗಾಳಿ ಪಕ್ಕಕ್ಕೆ ತಳ್ಳಿದರೆ ಸರಿಪಡಿಸಿಕೊಳ್ಳುವ ಅನುಭವ ಇರುವುದಿಲ್ಲ. ಕೆಲವು ದ್ವೀಪ ಸೇರುತ್ತವೆ. ಕೆಲವುದರ ಸಂಕೇತ ನೀರಿನ ಮೇಲೆಯೇ ನಿಂತುಹೋಗುತ್ತದೆ.

ಯಂತ್ರ ಕಟ್ಟಿದವರು ಬೆಳಿಗ್ಗೆ ಎದ್ದು ನಕ್ಷೆ ತೆರೆಯುವುದು ಅಂಜಿಕೆಯಿಂದಲೇ. ಚುಕ್ಕಿ ಮುಂದೆ ಹೋಗಿದೆಯಾ? ಒಂದೇ ಕಡೆ ದಿನಗಟ್ಟಲೆ ನಿಂತಿದೆಯಾ? 2014ರಲ್ಲಿ ಪಕ್ಷಿವಿಜ್ಞಾನಿ ರೇಮಂಡ್ ಕ್ಲಾಸೆನ್ ಮತ್ತು ಸಂಗಡಿಗರು ಯುರೋಪಿನ ಮೂರು ಜಾತಿಯ 69 ಬೇಟೆಹಕ್ಕಿಗಳ ಲೆಕ್ಕ ಪ್ರಕಟಿಸಿದರು. ಅದರಲ್ಲಿ ಮೀನುಡೇಗೆಯೂ ಇತ್ತು. ವಲಸೆಯ ದಿನಗಳಲ್ಲಿ ಸಾವಿನ ಪ್ರಮಾಣ ಉಳಿದ ದಿನಗಳಿಗಿಂತ ಸುಮಾರು 6 ಪಟ್ಟು ಜಾಸ್ತಿ. ವರ್ಷದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ. ವಸಂತದಲ್ಲಿ ಊರಿಗೆ ಮರಳುವಾಗ ಸತ್ತವುಗಳಲ್ಲಿ ಹೆಚ್ಚಿನವು ಸತ್ತದ್ದು ಆಫ್ರಿಕಾದಲ್ಲಿ, ಅದರಲ್ಲೂ ಸಹಾರಾದಲ್ಲಿ. ಅಮೆರಿಕದ ಹಕ್ಕಿಗಳ ದಾರಿಯಲ್ಲಿ ಮರುಭೂಮಿ ಇಲ್ಲ, ಬಂದೂಕು ಇದೆ. ಕೆರಿಬಿಯನ್ ದ್ವೀಪಗಳಲ್ಲಿ ಮತ್ತು ದಕ್ಷಿಣ ಅಮೆರಿಕದಲ್ಲಿ ಮೀನು ಸಾಕುವ ಹೊಂಡಗಳ ಹತ್ತಿರ ಇವುಗಳನ್ನು ಹೊಡೆಯುತ್ತಾರೆ. ಹೊಂಡದವನಿಗೂ ಅದು ಹೊಟ್ಟೆಪಾಡು, ಒಪ್ಪುತ್ತೇನೆ. ಹೊಂಡದ ಮೇಲೆ ಬಲೆ ಹಾಸಿದರೆ ಮೀನೂ ಉಳಿಯುತ್ತದೆ, ಹಕ್ಕಿಯೂ ಉಳಿಯುತ್ತದೆ. ಎಲ್ಲಿ ಸಾಯುತ್ತವೆ ಅಂತ ಗೊತ್ತಾದದ್ದರಿಂದ ತಾನೇ ಎಲ್ಲಿ ಹೋಗಿ ಮಾತಾಡಬೇಕು ಅಂತ ಗೊತ್ತಾಗುವುದು? ರಟ್ಲೆಂಡಿನವರು ಗಾಂಬಿಯಾ ದೇಶದ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಈ ಹಕ್ಕಿಯ ಪಾಠ ಶುರುಮಾಡಿದ್ದು ಇದೇ ಕಾರಣಕ್ಕೆ.

ಇದಕ್ಕೆ ನಮ್ಮ ದೇಶದಲ್ಲೂ ಒಂದು ಉದಾಹರಣೆ ಇದೆ. ಹಕ್ಕಿ ಬೇರೆ, ಅಮುರ್ ಫಾಲ್ಕನ್. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಹತ್ತಿರ ಇವುಗಳನ್ನು ಬಲೆ ಹಾಕಿ ಸಾವಿರಗಟ್ಟಲೆ ಕೊಲ್ಲುತ್ತಿದ್ದ ಸುದ್ದಿ ಹೊರಬಂತು. ಊರಿನ ಹಿರಿಯರು, ಚರ್ಚಿನವರು, ಅರಣ್ಯ ಇಲಾಖೆಯವರು, ಸಂಘಟನೆಯವರು ಎಲ್ಲ ಸೇರಿದರು. ಮರುವರ್ಷ ಅಲ್ಲಿ ಬೇಟೆ ನಿಂತಿತು. 2013ರ ನವೆಂಬರಿನಲ್ಲಿ ಮೂರು ಹಕ್ಕಿಗಳಿಗೆ ಉಪಗ್ರಹ ಯಂತ್ರ ಕಟ್ಟಿ ನಾಗಾ, ವೋಖಾ, ಪಾಂಗ್ಟಿ ಅಂತ ಹೆಸರಿಟ್ಟರು. ಒಂದು ಅಲ್ಲಿನ ಜನರ ಹೆಸರು, ಒಂದು ಜಿಲ್ಲೆಯ ಹೆಸರು, ಒಂದು ಊರಿನ ಹೆಸರು. ಅರಬ್ಬಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುವ ಹಕ್ಕಿಗೆ ನಮ್ಮೂರಿನ ಹೆಸರಿದ್ದರೆ ಅದಕ್ಕೆ ಬಲೆ ಹಾಕಲು ಯಾರಿಗೆ ಕೈ ಬರುತ್ತದೆ?

ಈಗ ಭದ್ರೆ, ಕಬಿನಿ ಮತ್ತು ಇಂಥ ಹಿನ್ನೀರುಗಳ ಆಸುಪಾಸಿನಲ್ಲಿ ಇರುವವರಿಗೆ ನನ್ನ ಮೂರು ಕೋರಿಕೆ. ನೀರಿನಲ್ಲಿ ನಿಂತ ಒಣಮರಗಳನ್ನು ಸೌದೆಗೆ ಅಂತ ಕಡಿಯಬೇಡಿ. ಮೀನುಡೇಗೆಯ ಚಳಿಗಾಲದ ಮನೆ ಅಂದರೆ ಆ ಮರವೇ. ದೋಣಿಯಲ್ಲಿ ಹೋಗುವವರು ಫೋಟೋಗೆ ಅಂತ ತೀರಾ ಹತ್ತಿರ ಹೋಗಬೇಡಿ. ಹಕ್ಕಿ ಏಳದಷ್ಟು ದೂರದಲ್ಲೇ ದೋಣಿ ನಿಲ್ಲಿಸಿ.

ಮೂರನೆಯದು, ಅದರ ಕಾಲು ನೋಡಿ. ದುರ್ಬೀನಿನಲ್ಲೋ ಕ್ಯಾಮೆರಾದಲ್ಲೋ ಉಂಗುರ ಕಂಡರೆ ಅದರ ಬಣ್ಣ, ಯಾವ ಕಾಲು, ಏನು ಅಕ್ಷರ, ಏನು ಅಂಕಿ ಅಂತ ಬರೆದುಕೊಳ್ಳಿ. ದಿನಾಂಕ ಮತ್ತು ಜಾಗವನ್ನೂ ಸೇರಿಸಿ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಆ ಹಕ್ಕಿಯನ್ನು ಮರಿಯಾಗಿದ್ದಾಗ ಕೈಯಲ್ಲಿ ಹಿಡಿದು ಉಂಗುರ ಹಾಕಿದವರು ಎಲ್ಲೋ ಒಂದು ಕಡೆ ಆ ಸುದ್ದಿಗಾಗಿ ಕಾಯುತ್ತಿರುತ್ತಾರೆ.

ನಮಸ್ಕಾರ.