ಪುಸ್ತಕದಲ್ಲಿ ಲಾಭ, ಊರ ತುಂಬ ಉದ್ರಿ

ಎಲ್ಲರಿಗೂ ನಮಸ್ಕಾರ. ಬ್ಯಾನರ್ ಮೇಲೆ 'ಯುವ ಉದ್ಯಮಿ' ಅಂತ ಹಾಕಿಸಿದ್ದೀರಿ. ನಮ್ಮವ್ವ ನೋಡಿದ್ದರೆ ನಗುತ್ತಿದ್ದಳು. ಉದ್ರಿ ವಸೂಲಿಗೆ ಸ್ಕೂಟರ್ ಹತ್ತಿ ಹೋಗಿ ಬರಿಗೈಲಿ ಬರುತ್ತಿದ್ದ ನನ್ನನ್ನು ನೋಡಿದವಳು ಅವಳು.

22ನೇ ವಯಸ್ಸಿಗೆ ಇಬ್ಬರು ಗೆಳೆಯರ ಜೊತೆ ತೊಗರಿ ಬೇಳೆ ಪ್ಯಾಕೆಟ್ ಮಾಡುವ ಕಂಪನಿ ತೆಗೆದೆ. ಕಲಬುರಗಿಯಲ್ಲಿ ಹುಟ್ಟಿದವನಿಗೆ ಬೇರೇನು ಹೊಳೆಯುತ್ತೆ ಹೇಳಿ? ನಮ್ಮ ತೊಗರಿಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತ್ತು. ಆ ಗುರುತನ್ನು ಕವರ್ ಮೇಲೆ ಅಚ್ಚು ಹಾಕಿಸಿಯೂ ಬಿಟ್ಟೆವು. ಅದನ್ನು ಬಳಸಲು ಅಧಿಕೃತ ಬಳಕೆದಾರ ಅಂತ ನೋಂದಣಿ ಆಗಬೇಕು ಅಂತ ಆಮೇಲೆ ಗೊತ್ತಾಯಿತು. ಆ ಕವರ್‌ಗಳು ಇನ್ನೂ ನಮ್ಮ ಅಟ್ಟದ ಮೇಲಿವೆ.

ಮೊದಲ ಪೆಟ್ಟು ಹಸಿ ಮಾಲಿನದು. ಜನವರಿಯಲ್ಲಿ ಹೊಸ ತೊಗರಿ ಗಂಜಿಗೆ, ಅಂದರೆ ನಮ್ಮೂರ ಧಾನ್ಯದ ಮಾರುಕಟ್ಟೆಗೆ ಬರುತ್ತೆ, ನೋಡಲು ಚೆಂದ, ಆದರೆ ಒಳಗೆ ತೇವ. ನಾವು ಕೈಯಲ್ಲಿ ಹಿಡಿದು ನೋಡಿ ಕೊಂಡೆವು. ಕಾಳನ್ನು ಹಲ್ಲಿಗೆ ಕಚ್ಚಿ ನೋಡಬೇಕಿತ್ತು. ಕಟ್ ಅಂದರೆ ಒಣಗಿದೆ, ಮೆತ್ತಗೆ ಒತ್ತಿಕೊಂಡರೆ ಹಸಿ. ಒಣಗುವಷ್ಟರಲ್ಲಿ ತೂಕ ಇಳಿಯಿತು. ಕ್ವಿಂಟಲ್‌ಗೆ 70 ಕಿಲೋ ಮೇಲೆ ಬೇಳೆ ಬರಬೇಕು ಅಂತ ಹಾಕಿದ್ದ ಲೆಕ್ಕ ಅಲ್ಲೇ ಕೆಟ್ಟಿತು. ಹೊಟ್ಟು, ನುಚ್ಚು ಮಾರಿ ಏನೋ ಸರಿದೂಗಿಸಿದೆವು.

ಅದನ್ನು ತಡೆದುಕೊಳ್ಳಬಹುದಿತ್ತು. ಉದ್ರಿಯನ್ನು ಆಗಲಿಲ್ಲ. ಗಂಜಿನಲ್ಲಿ ತೊಗರಿಗೆ ನಗದು ಕೊಡಬೇಕು, ಕಿರಾಣಿ ಅಂಗಡಿಗೆ ಬೇಳೆ ಉದ್ರಿ ಕೊಡಬೇಕು. ಮಾರ್ಚ್‌ನಲ್ಲಿ ನಮ್ಮ ಲೆಕ್ಕದ ಪುಸ್ತಕದಲ್ಲಿ 84 ಸಾವಿರ ಲಾಭ, ಬ್ಯಾಂಕಿನಲ್ಲಿ 1,140 ರೂಪಾಯಿ! ಗೆಳೆಯ ಮೂರು ಸಲ ಕೂಡಿಸಿ ನೋಡಿದ. ಲೆಕ್ಕ ಸರಿ ಇತ್ತು.

ಕಾನೂನು ಇದೆ ನಮ್ಮ ಪರ. ನೋಂದಾಯಿಸಿದ ಸಣ್ಣ ಘಟಕದಿಂದ ಮಾಲು ತಗೊಂಡವರು, ಬರೆದುಕೊಂಡ ಗಡುವು ಇದ್ದರೂ, 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಲ್ಲೇ ಇದೆ. ತಪ್ಪಿದರೆ ಚಕ್ರಬಡ್ಡಿ. ಆ ನೋಂದಣಿಗೆ 'ಉದ್ಯಮ್' ಅಂತಾರೆ, ಸರ್ಕಾರದ್ದು, ಒಂದು ರೂಪಾಯಿ ಖರ್ಚಿಲ್ಲ. ಕಂಪನಿ ತೆಗೆದ ದಿನವೇ ಮಾಡಿಕೊಳ್ಳಿ. ಆದರೆ ಓಣಿಯ ಕಿರಾಣಿ ಕಾಕಾಗೆ ನೋಟಿಸ್ ಕಳಿಸಿ ಮುಂದಿನ ವಾರ ಅವರ ಮುಂದೆಯೇ ಆರ್ಡರ್ ಕೇಳಲು ಆಗುತ್ತಾ? ಸುಮ್ನೆ ಹೇಳಬೇಡಿ.

ಹಾಗಾಗಿ ನಾವು ಕಂಡುಕೊಂಡ ದಾರಿ ಇಷ್ಟೇ: ಹಳೇ ಬಾಕಿ ತೀರದೆ ಹೊಸ ಚೀಲ ಇಳಿಸುವುದಿಲ್ಲ. ಅರ್ಧ ಅಂಗಡಿಗಳು ಬಿಟ್ಟುಹೋದವು. ಮಾರಾಟ ಇಳಿಯಿತು, ನಿದ್ದೆ ಬಂತು. ಒಬ್ಬ ಗೆಳೆಯ ಇದಕ್ಕೆ ಒಪ್ಪದೆ ಹೊರಟುಹೋದ. ಯಾರ ಪಾಲು ಎಷ್ಟು ಅಂತ ಮೊದಲೇ ಬರೆದಿಟ್ಟಿದ್ದರೆ ಆ ಜಗಳ ಅಷ್ಟು ದೂರ ಹೋಗುತ್ತಿರಲಿಲ್ಲ. ಅದರ ಬಗ್ಗೆ ಜಾಸ್ತಿ ಹೇಳಲಾರೆ, ಅವನೂ ಇದೇ ಊರಲ್ಲಿದ್ದಾನೆ.

ಒಬ್ಬ ಕಾಕಾ ಇವತ್ತಿಗೂ 9,400 ರೂಪಾಯಿ ಕೊಡಬೇಕು. ಆ ದಾರಿಯಲ್ಲಿ ಹೋದರೆ ಕೂಗಿ ಕರೆಯುತ್ತಾರೆ. "ಬಾ ತಮ್ಮಾ, ಚಾ ಕುಡಿ. ರೊಕ್ಕದ ಮಾತು ನಾಳಿ ಆಡೂಣು."

ಚಾ ಮಾತ್ರ ಚೆನ್ನಾಗಿರುತ್ತೆ.